ಕಿವಿಗಿಟ್ಟ ಸ್ಕ್ರೂಡ್ರೈವರ್

ಪುಟ್ಟಸಿದ್ದಯ್ಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸಿ ಕಣ್ಣು ಮುಚ್ಚಿದ. ಕಾಮಗೆರೆಯ ಈ ಶೆಡ್ಡಿನಲ್ಲಿ ಅವನು ಇಂಜಿನ್ನಿನ ಕಾಯಿಲೆ ಹಿಡಿಯುತ್ತ ಬಂದದ್ದೇ ಹೀಗೆ. "ನಾಜಲ್ ನೋಡ್ದೆ, ಪಂಪ್ ನೋಡ್ದೆ. ಎಲ್ಲಾ ಸರಿಯಾಗೇ ಅದೆ," ಎಂದ.

ಕುಂತೂರಿನ ಶಾಂತಮೂರ್ತಿ ಟ್ರ್ಯಾಕ್ಟರ್ ಆಫ್ ಮಾಡಿ ಇಳಿದ. ಗಾಡಿ ಮೂರನೇ ಸಲ ಬಂದಿತ್ತು. ಕಬ್ಬು ತುಂಬಿದರೆ ಸಾಕು, ದಿಬ್ಬದಲ್ಲಿ ಕರೀ ಹೊಗೆ ಉಗುಳಿ ನಿಂತೇಬಿಡುತ್ತಿತ್ತು. "ಬೇಜಾರ್ ಮಾಡ್ಕಬೇಡ ಅಣ್ಣ, ಕೊಳ್ಳೇಗಾಲದ ದೊಡ್ಡ ಗ್ಯಾರೇಜ್ಗೇ ತಕಂಡೋಯ್ತೀನಿ," ಎಂದ. ಅವನದು ಮೊದಲಿಂದಲೂ ದೊಡ್ಡ ಗಂಟಲು.

ಪುಟ್ಟಸಿದ್ದಯ್ಯನ ಉಳಿದ ಗಿರಾಕಿಗಳೆಲ್ಲ ಆಗಲೇ ಅತ್ತ ಹೋಗಿದ್ದರು. ಶೆಡ್ಡಿಗೆ ಬಂದು ಒಂದು ಗಳಿಗೆ ಕೂರುವವನೆಂದರೆ ಇವನೊಬ್ಬನೇ. ಇವನೂ ಹೋದರೆ ಬೀಗ ಹಾಕುವುದೊಂದೇ ಬಾಕಿ. ಆದರೂ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಓಗೀವಂತೆ, ಒಸಿ ತಡಿ," ಎಂದು ಇಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿದ.

ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲೇ ನಿಧಾನ ತಿರುಗಿಸಿದ. ವಾಲ್ವ್ ಒತ್ತುವ ರಾಕರ್‌ಗಳು ಒಂದೊಂದಾಗಿ ತಲೆಯಾಡಿಸಿದವು. ಒಂದು ಮಾತ್ರ ಅರೆಮನಸ್ಸಿನಿಂದ ಅಲುಗಿ ಸುಮ್ಮನಾಯಿತು. ಮತ್ತೆ ತಿರುಗಿಸಿದ, ಮತ್ತೆ ಅಷ್ಟೇ.

"ಕ್ಯಾಮ್‌ಶಾಫ್ಟ್ ಕಣ್ಲಾ. ಅದ್ರ ಉಬ್ಬು ಸವೆದೋಗ್ಬುಟ್ಟದೆ. ವಾಲ್ವ್ ಪೂರ್ತಿ ತೆಗೀತಿಲ್ಲ, ಇಂಜಿನ್ಗೆ ಉಸ್ರು ಕಟ್ತದೆ."

"ಅದ್ಕೇಯಾ ಮೇಲ್ಗಡೆ ಟಕಟಕ ಅಂತಿದ್ದುದು?"

ಪುಟ್ಟಸಿದ್ದಯ್ಯ ತಲೆಯೆತ್ತಿದ. "ಯಾವ ಟಕಟಕ?"

"ಈಗ್ಲೂ ಬತ್ತಿತ್ತಲ್ಲಣ್ಣ. ರೋಡಲ್ಲಿ ಓಗೋರ್ಗೂ ಕೇಳ್ತದೆ."

ತಪ್ಪು ಅದರದೇ ಎಂಬಂತೆ ಪುಟ್ಟಸಿದ್ದಯ್ಯ ಸ್ಕ್ರೂಡ್ರೈವರನ್ನು ತಿರುಗಿಸಿ ತಿರುಗಿಸಿ ನೋಡಿದ. ನಾಚಿಕೆಯಾಯಿತು.

"ನಂಗೆ ಕೇಳ್ನಿಲ್ಲ ಕಣಪ್ಪ."

"ಯಾವಾಗ್ಲಿಂದ ಇಂಗೆ?"

"ಯಾರಿಗ್ಗೊತ್ತು. ನಮ್ಮನೆಯೋಳು ಗೋವಿಂದಮ್ಮ ತೀರ್ಕಂಡ್ಮೇಲೆ ಮನೇಲಿ ಮಾತಾಡೋರು ಯಾರವ್ರೆ, ಗೊತ್ತಾಗಕೆ?"

ಶಾಂತಮೂರ್ತಿ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದ.

ಹೊಸ ಕ್ಯಾಮ್‌ಶಾಫ್ಟ್ ಕೂರಿಸಿದ ದಿನ ಶಾಂತಮೂರ್ತಿಯೇ ಬಂದು ಸ್ಟಾರ್ಟ್ ಮಾಡಿ ಕೆಳಗಿಳಿದ. ಪುಟ್ಟಸಿದ್ದಯ್ಯ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಎತ್ತಿದವನು ಕಿವಿಯ ಹತ್ತಿರ ಒಯ್ದು ತಡೆದ. ಆಮೇಲೆ ಅದನ್ನು ಶಾಂತಮೂರ್ತಿಯತ್ತ ಚಾಚಿದ.

"ನೀನೇ ಕೇಳಿ ಯೋಳಪ್ಪ."

ಶಾಂತಮೂರ್ತಿ ತುದಿಯನ್ನು ಇಂಜಿನ್ನಿಗೊತ್ತಿ, ಹಿಡಿಯನ್ನು ಕಿವಿಗಿಟ್ಟು, ಥೇಟ್ ಅವನಂತೆಯೇ ಕಣ್ಣು ಮುಚ್ಚಿದ. ಪುಟ್ಟಸಿದ್ದಯ್ಯ ಕೈ ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು, ಆ ಮುಖವನ್ನೇ ನೋಡುತ್ತ ನಿಂತ.