ಏಳು ದೇಶ, ಒಂದೇ ಗಂಟಲು

ಇದು ನಡೆದ ಕತೆ. ನಂಬೋಕೆ ಕಷ್ಟವಾದರೆ ಅದು ನಡೆದದ್ದರ ತಪ್ಪು, ನನ್ನದಲ್ಲ.

ಮೀನುಗಾರಿಕೆಯ ಜಾಗತಿಕ ಸಂಸ್ಥೆಯಲ್ಲಿ ನಮ್ಮ ಕರಾವಳಿ ಒಕ್ಕೂಟದ ಏಳು ದೇಶಗಳಿಗೆ ಒಂದೇ ಗಂಟಲು. ಆ ಗಂಟಲು ಅತಿ ದೊಡ್ಡ ದೇಶದ ಪ್ರತಿನಿಧಿಯದು, ನಾವೆಲ್ಲ ದೊಡ್ಡಣ್ಣ ಅನ್ನುವವನದು. ಹೆಸರಿಗೆ ವಕ್ತಾರ, ಅವನು ಏಳು ಅಂದರೆ ಏಳೂ ಏಳಬೇಕು, ಕೂತ್ಕೋ ಅಂದರೆ ಕೂರಬೇಕು. ಏಳರಲ್ಲಿ ಅತಿ ಸಣ್ಣ ದೇಶ ನಮ್ಮದು. ಅದರ ಪ್ರತಿನಿಧಿ ನನ್ನ ಚಿಕ್ಕಮ್ಮ, ಅವಳ ಕಾರ್ಯದರ್ಶಿ ನಾನು.

ಚಿಕ್ಕಮ್ಮನಿಗೆ ಒಕ್ಕೂಟದ ಹೇಳಿಕೆಯಲ್ಲಿ ಬೇಕಿದ್ದದ್ದು ಒಂದೇ ವಾಕ್ಯ: ದಡದಿಂದ ಹನ್ನೆರಡು ಮೈಲಿಯೊಳಗೆ ದೊಡ್ಡ ಹಡಗುಗಳು ಬಲೆ ಬೀಸಕೂಡದು. ಸಂಜೆ ಅದರದೇ ಮತದಾನ. ನಮ್ಮ ಏಳು ಮತ ಯಾವ ಕಡೆಯೋ ಗೆಲುವು ಆ ಕಡೆ. ಸೋತರೆ ಹತ್ತು ವರ್ಷ ನಮ್ಮ ದೋಣಿಗಳು ದಡದಲ್ಲೇ ಒಣಗಬೇಕು. ದೊಡ್ಡ ಹಡಗುಗಳೆಲ್ಲ ದೊಡ್ಡಣ್ಣನ ದೇಶದವು.

ಬೆಳಿಗ್ಗೆ ಒಕ್ಕೂಟದ ಕೋಣೆಯಲ್ಲಿ ಅವನು ಆ ವಾಕ್ಯದ ಮೇಲೆ ಕೆಂಪು ಗೆರೆ ಎಳೆದ. "ಏನಮ್ಮಾ, ನೀವು ಬಕೆಟ್ಟಲ್ಲಿ ಹಿಡಿಯೋ ಮೀನಿಗೂ ಅಂತರರಾಷ್ಟ್ರೀಯ ಕಾನೂನು ಬೇಕಾ?"

ಉಳಿದ ಐವರು ತಂತಮ್ಮ ಪೆನ್ನು ನೋಡಿಕೊಂಡರು.

ಒಕ್ಕೂಟದಲ್ಲೊಂದು ನಿಯಮವಿದೆ, ಮಾಡಿದವನೂ ಅವನೇ. ಯಾವ ದೇಶವಾದರೂ ಎಲ್ಲರಿಗೂ ತಿದ್ದುಪಡಿ ಕಳಿಸಬಹುದು. ಒಂದು ಗಂಟೆಯೊಳಗೆ ಯಾರೂ ಬೇಡ ಅನ್ನದಿದ್ದರೆ ಒಪ್ಪಿದ ಹಾಗೆ. ಹೋದ ವರ್ಷ ನಾವು ಊಟಕ್ಕೆ ಕೂತಾಗ ಹೀಗೇ ಕಳಿಸಿ ನಮ್ಮ ಕತ್ತು ಕುಯ್ದಿದ್ದ.

ಊಟದ ಬಿಡುವು ಶುರುವಾಯಿತು. ಚಿಕ್ಕಮ್ಮ ಅದೇ ವಾಕ್ಯವನ್ನು ತಿದ್ದುಪಡಿ ಅಂತ ಫೋನಿನಲ್ಲಿ ಬರೆದು, "ಕಳಿಸ್ಲಾ?" ಅಂದಳು.

"ಕಳ್ಸು ಚಿಕ್ಕಮ್ಮ. ಅವನ ಕಣ್ಣು ಫೋನಿಗೆ ಹೋಗದ ಹಾಗೆ ನಾನು ನೋಡ್ಕೋತೀನಿ."

ದೊಡ್ಡಣ್ಣನ ಟೇಬಲ್ಲಿಗೆ ಹೋಗಿ ಎದುರಾಳಿ ಒಕ್ಕೂಟದ ಮುಖಂಡನ ಮಿಮಿಕ್ರಿ ಶುರು ಹಚ್ಚಿಕೊಂಡೆ. ಮೂಗು ಹಿಡಿದು, "ಮಾ...ನ್ಯ ಅಧ್ಯಕ್ಷರೇ, ನಮಗೆ ವಿ...ಷಾದವಿದೆ."

ದೊಡ್ಡಣ್ಣನ ಹೊಟ್ಟೆ ಕುಣಿಯಿತು. "ಅಯ್ಯೋ, ಥೇಟ್ ಆ ಗೂಬೆಯೇ! ಇನ್ನೊಂದ್ಸಲ ಮಾಡೋ."

ಮೇಜಿನ ಮೇಲೆ ಅವನ ಫೋನು ಎರಡು ಸಲ ಗುರ್ ಅಂದಿತು. ನಾನು ದನಿ ಏರಿಸಿದೆ. ಗೂಬೆ ಕೆಮ್ಮುವುದು, ಗೂಬೆ ಸಭೆಯಲ್ಲಿ ಗೊರಕೆ ಹೊಡೆಯುವುದು, ಗೂಬೆ ಮತ ಹಾಕಲು ಕೈ ಎತ್ತಿ ಕಂಕುಳು ಕೆರೆದುಕೊಳ್ಳುವುದು. ನನ್ನ ಗಂಟಲು ಹರಿಯಿತು, ಗಂಟೆ ಮುಗಿಯಿತು. ಐವರೂ ಎಂದಿನಂತೆ ತೆಪ್ಪಗಿದ್ದರು.

ಸಭೆಯಲ್ಲಿ ಒಕ್ಕೂಟದ ಗುಮಾಸ್ತೆ ಅಂತಿಮ ಪ್ರತಿಯನ್ನು ಅವನ ಮುಂದಿಟ್ಟಳು. ಮೊದಲೇ ಓದುವ ಚಾಳಿ ಅವನಿಗಿಲ್ಲ. "ಏಳು ದೇಶಗಳ ಪರವಾಗಿ..." ಅಂತ ಗುಡುಗಿದ. ನಾಲ್ಕನೆಯ ಪ್ಯಾರಾದಲ್ಲಿ "ಹನ್ನೆರಡು ಮೈಲಿ" ಅಂದವನು ನಿಂತುಬಿಟ್ಟ. ಕಿವಿ ಕೆಂಪಾಯಿತು. ಚಿಕ್ಕಮ್ಮನತ್ತ ತಿರುಗಿದ ಆ ನೋಟದಲ್ಲಿ ಮೀನು ಹುರಿಯಬಹುದಿತ್ತು.

ಎದುರು ಸಾಲಿನ ಗೂಬೆ ತಲೆ ಎತ್ತಿತು. "ಏನ್ ಸ್ವಾಮಿ, ಒಕ್ಕೂಟ ಒಡೀತಾ?"

ಇದು ನಮ್ಮದಲ್ಲ ಅಂದರೆ ಆ ಒಂದು ಗಂಟಲು ಅಲ್ಲೇ ಏಳು ಚೂರು. ನಾಳೆಯಿಂದ ಅವನ ಮಾತಿಗೆ ಒಂದೇ ಮತದ ತೂಕ. ದೊಡ್ಡಣ್ಣ ನೀರು ಕುಡಿದ. ವಾಕ್ಯವನ್ನು ಕೊನೆಯವರೆಗೂ ಓದಿದ. ಏಳು ಕೈಗಳೂ ಎದ್ದವು, ಅವನದು ಕೊನೆಗೆ. ನಿಯಮ ಪಾಸಾಯಿತು.

ಕೋಣೆಗೆ ಬಂದದ್ದೇ ಮೂಳೆ ಮುರಿಯುವ ಹಾಗೆ ನನ್ನ ಭುಜ ಅದುಮಿದ. "ಒಂದು ಗಂಟೆ ನನ್ನೆದುರಿಗೆ ಕೂತು, ಲೋ..."

"ನಿಯಮ ನಿಮ್ದೇ ಅಲ್ವಾ ಅಣ್ಣ," ಅಂದಳು ಚಿಕ್ಕಮ್ಮ. "ಬೇಡ ಅನ್ನಬಹುದಿತ್ತು. ನಗ್ತಾ ಕೂತ್ರಿ."

ಐವರಲ್ಲೊಬ್ಬನಿಗೆ ಕಿಸಕ್ಕನೆ ನಗು ಬಂತು. ಅವನಿಂದ ಪಕ್ಕದವನಿಗೆ, ಪಕ್ಕದವನಿಂದ ಎಲ್ಲರಿಗೂ. ಅಷ್ಟರಲ್ಲಿ ಜಗಳ ಕೇಳುವ ಆಸೆಗೆ ಗೂಬೆ ಬಾಗಿಲಲ್ಲಿ ಇಣುಕಿತು. ದೊಡ್ಡಣ್ಣ ನನ್ನ ಭುಜ ಬಿಡದೆಯೇ ಅತ್ತ ತಿರುಗಿ, ಮೂವತ್ತೆರಡೂ ಹಲ್ಲು ತೋರಿಸಿ, ಎಲ್ಲರಿಗಿಂತ ಜೋರಾಗಿ ನಗತೊಡಗಿದ.