ಹಸಿವಿನ ಜಾಗ

ಹಸಿವಾದಾಗ ಮಾತ್ರ ಊಟ ಕೊಡಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಶೈಲಶ್ರೀ ಮಗಳ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಏಳು ವರ್ಷದ ಮಾದೇವಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಕತ್ತಿನ ಹಿಂದೆ ಚರ್ಮ ಕಪ್ಪಾಗಿತ್ತು. ಹೀಗೇ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ ಬರಬಹುದು ಎಂದೂ ಡಾಕ್ಟರು ಹೇಳಿದ್ದರು.

ಆ ಭಾನುವಾರ ಮಾದೇವಿ ಹೊಟ್ಟೆತುಂಬ ರೊಟ್ಟಿ ತಿಂದು ತೇಗಿದ್ದಳು. ಅಷ್ಟರಲ್ಲಿ ಜಿಗಣಿ ಫ್ಯಾಕ್ಟರಿಯಿಂದ ಸೂಪರ್‌ವೈಸರ್ ಫೋನ್ ಮಾಡಿ, ಅರ್ಜೆಂಟ್ ಕೆಲಸವಿದೆ, ಓವರ್‌ಟೈಮಿಗೆ ಬಾ ಎಂದ. ಶೈಲಶ್ರೀ ಚಪ್ಪಲಿಗೆ ಕಾಲು ತೂರಿಸಿದಳು.

"ಅವ್ವಾ, ಹಸಿವಾಗೇತಿ."

"ಈಗಷ್ಟ ಉಂಡೆಲ್ಲವಾ!"

"ಹಸಿವಾಗೇತಿ." ಹುಡುಗಿ ಅವಳ ಸೆರಗು ಹಿಡಿದುಕೊಂಡಳು.

ಜಗಲಿಯಲ್ಲಿ ರಾಗಿ ಹಸನು ಮಾಡುತ್ತಿದ್ದ ಮನೆ ಒಡತಿ ನಾಗಲಕ್ಷ್ಮಮ್ಮ ತಲೆಯೆತ್ತಿದರು. ಶಿಫ್ಟಿನ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವರು ಅವರೇ. "ಕೇಳೋ ಮಗೀಗೆ ಇಲ್ಲ ಅಂತಾರೇನಮ್ಮ? ಒಂದು ಬಿಸ್ಕತ್ತು ಕೊಟ್ಟು ಒರಡು. ನಾನೂ ಇಂಗೇ ದಪ್ಪಗಿವ್ನಿ, ಸತ್ತೋದ್ನಾ?"

ಶೈಲಶ್ರೀಯ ಕೈ ಅಭ್ಯಾಸಬಲದಿಂದ ಬಿಸ್ಕತ್ತಿನ ಡಬ್ಬಿಗೆ ಹೋಗಿ, ಅಲ್ಲೇ ನಿಂತಿತು. ಊರಿನಿಂದ ಬಂದ ಹೊಸತರಲ್ಲಿ, ಅವಳು ಕೆಲಸಕ್ಕೆ ಹೊರಟಾಗಲೆಲ್ಲ ಮಗು ಅಳುತ್ತಿತ್ತು. ಬಿಸ್ಕತ್ತು ಬಾಯಿಗಿಟ್ಟರೆ ಸುಮ್ಮನಾಗುತ್ತಿತ್ತು. ದಿನವೂ ಅದೇ ನಡೆದಿತ್ತು.

ಅವಳು ಕುಕ್ಕರುಗಾಲಲ್ಲಿ ಕೂತಳು. "ಎಲ್ಲಿ ಹಸಿವಾಗೇತಿ? ಕೈಯಿಟ್ಟು ತೋರ್ಸು."

ಮಾದೇವಿ ಹೊಟ್ಟೆ ಮುಟ್ಟಲಿಲ್ಲ. ಎದೆಯ ಮೇಲೆ, ಗಂಟಲ ಕೆಳಗೆ ಕೈಯಿಟ್ಟಳು. "ಇಲ್ಲಿ. ನೀ ಚಪ್ಪಲಿ ಮೆಟ್ಟಿದ್ರ ಆಕ್ಕತಿ."

ಶೈಲಶ್ರೀ ಆ ಪುಟ್ಟ ಕೈಯ ಮೇಲೆ ತನ್ನ ಕೈಯಿಟ್ಟಳು. ಒಳಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅಂಜಿಕೆಯನ್ನು ಹಸಿವೆಂದು ಮಗುವಿಗೆ ಕಲಿಸಿದವಳು ತಾನೇ. ಇವತ್ತು ಆಗಲ್ಲ ಸಾರ್ ಎಂದು ಫೋನಿನಲ್ಲಿ ಹೇಳಿದಳು. ಅವನು ಬೈದದ್ದು ಜಗಲಿಯವರೆಗೂ ಕೇಳಿಸಿತು. ನಾಗಲಕ್ಷ್ಮಮ್ಮ ಮತ್ತೆ ಮೊರದಲ್ಲಿ ರಾಗಿ ಕೇರತೊಡಗಿದರು.

ಶೈಲಶ್ರೀ ಚಪ್ಪಲಿ ಕಳಚಿ ನೆಲಕ್ಕೆ ಕೂತಳು. ಮಾದೇವಿ ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಎದೆ ನಿಧಾನವಾಯಿತು. ಹಸಿವಿನ ಮಾತು ಮತ್ತೆ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹುಡುಗಿ ತಲೆಯೆತ್ತಿ, "ಅವ್ವಾ, ನಿನ್ನ ಹೊಟ್ಟ್ಯಾಗ ಗುರ್ ಅಂತು," ಎಂದಳು.

ಶೈಲಶ್ರೀಗೆ ಗೊತ್ತೇ ಆಗಿರಲಿಲ್ಲ. ಫ್ಯಾಕ್ಟರಿಯಲ್ಲಿ ಹಸಿವಿರಲಿ ಬಿಡಲಿ, ಬೆಲ್ ಹೊಡೆದಾಗ ಊಟದ ಡಬ್ಬಿ ತೆರೆಯುತ್ತಿದ್ದಳು. ಶೌಚಕ್ಕೆ ಎದ್ದು ಹೋದರೆ ಬೈಗುಳವೆಂದು ನೀರನ್ನೂ ಕುಡಿಯುತ್ತಿರಲಿಲ್ಲ. ಮಗಳ ಕಿವಿಯಿದ್ದ ಜಾಗದಲ್ಲಿ ಕೈಯಿಟ್ಟು ನೋಡಿಕೊಂಡಳು. ಹೌದು, ಖಾಲಿ ಖಾಲಿ ಅನಿಸುತ್ತಿತ್ತು.

"ಹಸಿವು ಅಂದ್ರ ಇದನ. ನಿನಗ ಆಗೇತೇನು?"

ಮಾದೇವಿ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕೂತಳು. "ಗೊತ್ತಾಗವಲ್ದವ್ವಾ."

"ಗೊತ್ತಾಗೋ ತನಕ ಕೂಡೂಣು," ಎಂದಳು ಶೈಲಶ್ರೀ. ಚಪ್ಪಲಿ ಬಾಗಿಲಲ್ಲೇ ಬಿದ್ದಿತ್ತು. ನಾಳೆ ಅದನ್ನು ಮೆಟ್ಟಲೇಬೇಕು. ಅವಳು ಎದ್ದು ಅದನ್ನು ಮಗಳ ಕಣ್ಣಿಗೆ ಬೀಳದ ಹಾಗೆ ಬಾಗಿಲ ಹಿಂದಕ್ಕೆ ಸರಿಸಲು ಹೋದಳು. ಆಮೇಲೆ, ಬಚ್ಚಿಟ್ಟರೆ ಅಂಜಿಕೆ ಹೋಗದು ಎನಿಸಿ, ಇದ್ದಲ್ಲೇ ಬಿಟ್ಟು ಬಂದು ಕೂತಳು.