ಕೆಂಪಿ

"ಅಕ್ಕಾ, ಇನ್ನೊಂದು ಹೊರೆ ಕೆಂಪಿ ತರ್ಲಾ?" ಎಂದು ಪಕ್ಕದ ಗುಡಾರದ ಖೌಲಾ ಕೂಗಿ ಕೇಳಿದ್ದೇ ತಡ, ಬಸ್ರಾದಿಂದ ಬಂದಿದ್ದ ಪಂಡಿತನ ಕಿವಿ ನೆಟ್ಟಗಾಯಿತು. ಹಾಲಿನ ಬಟ್ಟಲನ್ನು ಅಲ್ಲೇ ಇಟ್ಟು ಎದ್ದು ಬಂದ.

ರಯ್ಯಾ ತಲೆಯೆತ್ತಲಿಲ್ಲ. ಆಡಿನ ತೊಗಲಿನ ಕೂದಲು ಕೆರೆದಾಗಿತ್ತು. ಇನ್ನು ಎಲೆ ಜಜ್ಜಿ ನೆನೆಹಾಕಬೇಕು. ಬೇಸಿಗೆಗೆ ಮುಂಚೆ ನೀರಿನ ತಿತ್ತಿ ಆಗಲೇಬೇಕು. ಈ ಮಹಾರಾಯನೋ, ಬಂದಾಗಿನಿಂದ ಅದಕ್ಕೇನಂತೀರಿ, ಇದಕ್ಕೇನಂತೀರಿ ಎಂದು ಎಲ್ಲರ ತಲೆ ತಿಂದಿದ್ದ. ಪಟ್ಟಣದಲ್ಲಿ ಅರಬ್ಬಿ ಕೆಟ್ಟುಹೋಗಿದೆಯಂತೆ, ಚೊಕ್ಕ ಮಾತು ಉಳಿದಿರುವುದು ಮರಳುಗಾಡಿನವರ ಬಾಯಲ್ಲಿ ಮಾತ್ರವಂತೆ.

"ತೊಗಲು ಹದ ಮಾಡೋ ಈ ಗಿಡಕ್ಕೆ ಎಲ್ಲ ಕಡೆ ಅರ್ತಾ ಅಂತಾರೆ. ನೀವು ಕೆಂಪಿ ಅಂತೀರಾ, ತಾಯಿ?"

ರಯ್ಯಾಳ ಕೈ ನಿಂತಿತು. ಅವಳ ಗಂಡ ಮಿಹ್ಜನ್ ನಡುವೆ ಬಾಯಿ ಹಾಕಿದ. "ಹೂಂ ಮತ್ತೆ. ಬೇರು ಕೆಂಪಲ್ವಾ ಸ್ವಾಮಿ. ನಮ್ಮ ಕುಲದಲ್ಲಿ ಮುತ್ತಾತನ ಕಾಲದಿಂದ ಹಂಗೇ ಅನ್ನೋದು."

ಎಷ್ಟು ಸಲೀಸಾಗಿ ಹೇಳಿಬಿಟ್ಟ. ರಯ್ಯಾಳ ಮೈಯೆಲ್ಲ ಉರಿದುಹೋಯಿತು. ಹೂತುಹೋದ ಬಾವಿಯ ಮರಳು ತೆಗೆಯಲು ಮಗನನ್ನು ಇಳಿಸಿದವನು ಇವನೇ. ಅಂಚು ಬಿರಿದಿದೆ, ಬೇಡ ಎಂದು ಅವಳು ಬಡಕೊಂಡಿದ್ದಳು. ಗಂಡುಮಗ, ಏನಾಗುತ್ತೆ ಎಂದಿದ್ದ. ಅಂಚು ಕುಸಿಯಿತು. ಮಗನ ಹೆಸರು ಅರ್ತಾ. ಆ ಗಿಡದ ನೆರಳಲ್ಲಿ ಹೆತ್ತಿದ್ದಕ್ಕೆ ಅವಳೇ ಇಟ್ಟ ಹೆಸರು. ಬಾವಿ ಅವನನ್ನು ನುಂಗಿದಂದಿನಿಂದ ಗಿಡದ ಹೆಸರು ಅವಳ ಬಾಯಿಂದ ಹೊರಡಲಿಲ್ಲ. ಕೆಂಪಿ ಎಂದಳು. ಉಳಿದ ಹೆಂಗಸರೂ ಏನೂ ಕೇಳದೆ ಕೆಂಪಿ ಎಂದರು.

"ಯಾವ ಕುಲದಲ್ಲೂ ನಾನಿದನ್ನ ಕೇಳಿಲ್ಲ," ಪಂಡಿತನಿಗೆ ಖುಷಿಯೋ ಖುಷಿ. "ಬಸ್ರಾದಲ್ಲಿ ಶಿಷ್ಯರಿಗೆಲ್ಲ ಹೇಳಿಕೊಡ್ತೀನಿ. ನಾವು ಸತ್ತರೂ ಈ ಮಾತು ಉಳಿಯುತ್ತೆ."

"ಉಳೀಬಾರದು," ರಯ್ಯಾ ಎಂದಳು.

"ಲೇ, ಅತಿಥಿ ಮುಂದೆ ಸುಮ್ನಿರು."

"ನಾನು ಇಷ್ಟು ದಿನ ಸುಮ್ನಿದ್ದಿದ್ದಕ್ಕೇ ಮುತ್ತಾತನ್ನ ಎಳ್ಕೊಂಡು ಬಂದ್ಯಲ್ಲ ನೀನು. ಯಾವ ಮುತ್ತಾತನೋ? ಹೇಳು, ಆ ಬಾವಿ ಕಥೇನೂ ಹೇಳು ಅವರಿಗೆ."

ಅವಳು ಪಂಡಿತನತ್ತ ತಿರುಗಿದಳು. "ಅದು ನಮ್ಮ ಕುಲದ ಮಾತಲ್ಲ ಅಯ್ಯಾ. ಮಗ ಸತ್ತ ಅಂತ ನಾನು ಆಡಿದ್ದು. ಗಿಡದ ಹೆಸರೇ ಅವನಿಗೂ ಇತ್ತು."

ಪಂಡಿತ ಪೆಚ್ಚಾದ. ಆದರೂ ಚಪಲ ಬಿಡಲಿಲ್ಲ. "ಪಾಪ, ತಾಯಿ. ಆದರೂ ನಾಲ್ಕು ಜನ ಆಡ್ತಿದಾರಲ್ಲ, ಬಳಕೇಲಿದ್ದರೆ ಅದೂ ಮಾತೇ."

ಬಳಕೆ. ಹಾಗಾದರೆ ನಾಳೆ ಯಾರ‍್ಯಾರೋ ಕಂಡರಿಯದವರು ಅವಳ ಸಂಕಟವನ್ನು ಪಾಠದಂತೆ ಒಪ್ಪಿಸುತ್ತಾರೆ. ರಯ್ಯಾ ತೊಗಲನ್ನು ಕೆಳಕ್ಕೆ ಒಗೆದು ಎದ್ದು ನಿಂತಳು. ಬಳಕೆಯೇ ನಿಂತರೆ ಮಾತೂ ಇಲ್ಲ. ಇಡೀ ಬಿಡಾರಕ್ಕೆ ಕೇಳುವಂತೆ ಕೂಗಿದಳು.

"ಖೌಲಾ, ಅರ್ತಾ ತಗೊಂಬಾರೇ. ಅರ್ತಾ."

ಖೌಲಾ ಎಲೆಯ ಹೊರೆ ಹೊತ್ತು ಬಂದು ಇಳಿಸಿದಳು. ರಯ್ಯಾ ಜಜ್ಜಲು ಕಲ್ಲು ಎತ್ತಿಕೊಂಡಳು. ಮಿಹ್ಜನ್ ಮಾತ್ರ, ಆ ಹೆಸರಿಗೆ ಯಾರೋ ಓಗೊಟ್ಟಾರೆಂಬಂತೆ, ಮರಳುಗುಡ್ಡದ ಕಡೆ ಮುಖ ಮಾಡಿ ನಿಂತೇ ಇದ್ದ.